ಅಕ್ಕಿ ಹಾರಿದ ತರಗತಿ

ಯಲಿಯೂರು,
ಮಂಡ್ಯ ತಾಲ್ಲೂಕು

ಮಗಳೇ,

ನಿನ್ನ ಕಾಗದ ಮೊನ್ನೆ ಕೈ ಸೇರಿತು. ಬರೆದವಳು ನೀನೊಬ್ಬಳೇ ಆದರೂ ಅದರಲ್ಲಿದ್ದ ಮಾತು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಹಳ್ಳಿ ಶಾಲೆಗಳ ಮೇಡಂಗಳದು, ಮೇಷ್ಟ್ರುಗಳದು. ಅದಕ್ಕೇ ಉತ್ತರ ಎಲ್ಲರೂ ಓದುವ ಹಾಗೆ ಬರುತ್ತಿದೆ. ತಪ್ಪು ತಿಳಿಯಬೇಡ.

ಬೆಳಗ್ಗೆ ಹಾಲಿನ ಪುಡಿ ಕಲಸಿ ಕಾಯಿಸುವುದನ್ನು ನೋಡಿಕೊಳ್ಳಬೇಕು. ಮಧ್ಯಾಹ್ನ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂಬ ಲೆಕ್ಕ. ಸಂಜೆ ಮೊಬೈಲಿನಲ್ಲಿ ಮಾಹಿತಿ ತುಂಬುವುದು. ಇವುಗಳ ನಡುವೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ‘ಹುರುಪು ಬತ್ತಿಹೋಯ್ತು ಸಾರ್’ ಎಂದು ಬರೆದಿದ್ದೀಯ. ಚಾಪೆಯ ಮೂಲೆಯಲ್ಲಿ ಕೂರುವ ಹುಡುಗನೊಬ್ಬ ಜೂನ್ ತಿಂಗಳಿಂದ ಬಾಯಿಯೇ ಬಿಟ್ಟಿಲ್ಲವೆಂದೂ ಬರೆದಿದ್ದೀಯ. ನಿನ್ನ ಹುರುಪಿನ ವಿಚಾರ ಮತ್ತು ಆ ಹುಡುಗನ ವಿಚಾರ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿದ್ದೀಯ. ಈ ಮುದುಕ ಮೇಷ್ಟ್ರಿಗೆ ಅವೆರಡೂ ಒಂದೇ ಪುಟದ ಮಾತು ಅನ್ನಿಸಿತು.

ಹುರುಪು ಭಾಷಣ ಕೇಳಿ ಬಂದದ್ದನ್ನು ಈ ಮುದುಕ ಎಂದೂ ಕಂಡಿಲ್ಲ. ಶಿಕ್ಷಕರ ದಿನಾಚರಣೆಯ ಹಾರ ಸಂಜೆಗೆ ಬಾಡುತ್ತದೆ. ತರಗತಿಗೆ ಬೇಕಾದದ್ದನ್ನು ಕೈಯಾರೆ ಮಾಡಿಕೊಂಡವರಲ್ಲಿ ಮಾತ್ರ ಹುರುಪು ಉಳಿದದ್ದನ್ನು ಕಂಡಿದ್ದಾನೆ.

ನಿನ್ನ ಕೋಣೆಯ ಚಪ್ಪರದಲ್ಲಿ ನೇತಾಡುತ್ತಿರುವ ನಲಿ–ಕಲಿ ಪದ್ಧತಿಯ ಕಾರ್ಡುಗಳನ್ನೇ ತೆಗೆದುಕೋ. ಆ ಪದ್ಧತಿ ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಕಾಡಂಚಿನ ತಾಲ್ಲೂಕು, ಹಾಡಿಗಳ ಮಕ್ಕಳು, ಒಬ್ಬರೇ ಮೇಷ್ಟ್ರಿಗೆ ಮೂರ್ನಾಲ್ಕು ತರಗತಿ. ಅದೇ ಹೊತ್ತಿಗೆ ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಸುತ್ತಮುತ್ತಲ ಪುಟ್ಟ ಹಳ್ಳಿ ಶಾಲೆಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ಇಟ್ಟುಕೊಂಡು ಪಾಠ ನಡೆಸುತ್ತಿದ್ದರು. ಯುನಿಸೆಫ್ ನೆರವಿನಲ್ಲಿ ಕೋಟೆಯ ಮೇಷ್ಟ್ರುಗಳು ಅಲ್ಲಿಗೆ ಹೋಗಿ ನೋಡಿಬಂದರು. ನೋಡಿದ್ದನ್ನು ಹಾಗೇ ಎತ್ತಿ ತರಲಿಲ್ಲ. ಕೂತು, ನಮ್ಮ ಮಕ್ಕಳಿಗೆ ತಕ್ಕ ಹಾಡು, ಕತೆ, ಚಿತ್ರ, ಆಟ ಸೇರಿಸಿ ಕನ್ನಡದಲ್ಲಿ ಹೊಸದಾಗಿ ಕಟ್ಟಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೆಯದಕ್ಕೂ.

ಇಡೀ ರಾಜ್ಯಕ್ಕೆ ಬಂದದ್ದು ದೊಡ್ಡ ಕೆಲಸವೇ. ಆದರೆ ಅಲ್ಲೇ ಒಂದು ನಷ್ಟವೂ ಆಯಿತು. ಕೋಟೆಯವರು ಕಾರ್ಡು ಮಾಡಿದವರು. ಉಳಿದವರು ಅಚ್ಚಾಗಿ ಬಂದ ಕಾರ್ಡು ಪಡೆದವರು. ಮಾಡಿದವರಿಗೆ ಪ್ರತಿ ಕಾರ್ಡಿನ ಹಿಂದೆ ಯಾವ ಮಗುವಿನ ಯಾವ ತೊಡಕು ಇದೆ ಎಂಬುದು ಗೊತ್ತಿತ್ತು. ಪಡೆದವರಿಗೆ ಅದು ಕ್ರಮಸಂಖ್ಯೆ ಇರುವ ರಟ್ಟು. ನಿನಗೆ ಬೇಸರ ಬಂದಿರುವುದು ಪದ್ಧತಿಯಿಂದಲ್ಲ, ಅದರಲ್ಲಿ ನಿನ್ನ ಕೈಯದು ಏನೂ ಇಲ್ಲದಿರುವುದರಿಂದ ಇರಬಹುದು. ಒಮ್ಮೆ ಯೋಚಿಸಿ ನೋಡು.

ನಲಿ–ಕಲಿಯ ಅಕ್ಷರ ಕ್ರಮದಲ್ಲೊಂದು ಜಾಣತನವಿದೆ. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂದು ಐದೇ ಅಕ್ಷರದಿಂದ ಅದು ಹೊರಡುತ್ತದೆ. ಐದು ಅಕ್ಷರ ಬಂದ ಕೂಡಲೇ ಮಗು ಓದತೊಡಗುತ್ತದೆ: ಸರ, ದರ, ಅರಸ, ಅಗಸ, ಗರಗಸ. ವರ್ಷಗಟ್ಟಲೆ ಅಕ್ಷರ ತಿದ್ದಿದ ಮೇಲೆ ಎಂದೋ ಪದ ಓದುವುದಲ್ಲ, ಮೊದಲ ತಿಂಗಳಲ್ಲೇ ಓದಿದ ಹೆಮ್ಮೆ. ಅದೇ ಅಕ್ಷರಗಳಲ್ಲಿ ‘ರಸ’ವೂ ಇದೆ. ಮಂಡ್ಯದ ಮಗುವನ್ನು ರಸ ಎಂದರೇನು ಎಂದು ಕೇಳಿ ನೋಡು. ಆಲೆಮನೆಯ ಗಾಣದಿಂದ ಇಳಿಯುವುದನ್ನು ನಮ್ಮ ಕಡೆ ಯಾರೂ ರಸ ಅನ್ನುವುದಿಲ್ಲ, ಕಬ್ಬಿನ ಹಾಲು ಅನ್ನುತ್ತಾರೆ. ಪುಸ್ತಕದ ಪದ ಒಂದು, ಮನೆಯ ಪದ ಇನ್ನೊಂದು. ಎರಡನ್ನೂ ಗೋಡೆಯ ಮೇಲೆ ಬರೆಯಲು ಯಾವ ಆದೇಶವೂ ಬೇಕಿಲ್ಲ, ಒಂದು ತುಂಡು ಸೀಮೆಸುಣ್ಣ ಸಾಕು.

ಮನೆಯ ಮಾತಿನ ವಿಚಾರ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು ಕಣಮ್ಮ. ಆ ಮೂಲೆಯ ಹುಡುಗನ ವಿಷಯ ಇಲ್ಲೇ ಇದೆ ಎಂಬ ಗುಮಾನಿ.

ನಮ್ಮ ಕಡೆಯ ಮಾತಿನಲ್ಲಿ ಹಕಾರ ಉದುರಿಹೋಗುತ್ತದೆ. ಹಾಲು ‘ಆಲು’, ಹಸು ‘ಅಸ’, ಹೂವು ‘ಊವು’. ಈ ಮುದುಕ ಮೀಸೆ ಕಪ್ಪಗಿದ್ದ ಕಾಲದಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಕಿಟಕಿಯಾಚೆ ನೋಡಿ ಸಂತೋಷದಿಂದ ಕೂಗಿದ: ‘ಸಾ, ಅಕ್ಕಿ ಆರೋಯ್ತು!’ ಈ ಮೇಷ್ಟ್ರು ಆ ಹಕ್ಕಿಯನ್ನು ನೋಡಲಿಲ್ಲ. ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, ‘ಅಕ್ಕಿ ಅಲ್ಲ ಕಣೋ, ಹಕ್ಕಿ’ ಎಂದು ಹತ್ತು ಸಲ ಹೇಳಿಸಿದರು. ಹುಡುಗ ಹತ್ತು ಸಲವೂ ಸರಿಯಾಗಿಯೇ ಹೇಳಿದ. ಆದರೆ ಆಮೇಲೆ ಆ ವರ್ಷವೆಲ್ಲ ತಾನಾಗಿ ಒಂದು ಮಾತು ಆಡಲಿಲ್ಲ. ಅವನ ಅವ್ವ, ಅಪ್ಪ, ಅಜ್ಜಿ ಎಲ್ಲರೂ ಆಡುವ ಮಾತು ತಪ್ಪು ಎಂದು ಶಾಲೆ ಒಂದೇ ದಿನದಲ್ಲಿ ಹೇಳಿಬಿಟ್ಟಿತ್ತು. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅದನ್ನು ಸರಿಪಡಿಸುವ ದಾರಿ ಹೊಳೆದದ್ದು ಬಹಳ ವರ್ಷದ ಮೇಲೆ, ಅವನು ಶಾಲೆ ಬಿಟ್ಟಾದ ಮೇಲೆ.

ದಾರಿ ಇಷ್ಟೇ. ಮಗು ಏನು ಹೇಳಿತೋ ಅದನ್ನು ಮೊದಲು ಪೂರ್ತಿ ಕೇಳಬೇಕು, ಅದು ತೋರಿಸಿದ ಕಡೆ ನೋಡಬೇಕು. ಹಕಾರದ ಆಟ ಮಾರನೆಯ ದಿನಕ್ಕೆ. ಪ್ರತಿ ಮಗುವಿಗೂ ಹಳೆಯ ನೋಟ್‌ಬುಕ್ಕಿನಿಂದ ಸಣ್ಣ ಕಾಗದದ ಪಟ್ಟಿ ಹರಿದುಕೊಡು. ಬಾಯಿಯ ಮುಂದೆ ಹಿಡಿದು ‘ಆ’ ಅನ್ನಲಿ, ಕಾಗದ ಸುಮ್ಮನಿರುತ್ತದೆ. ‘ಹಾ’ ಅನ್ನಲಿ, ಅಲ್ಲಾಡುತ್ತದೆ. ಕೋಣೆ ತುಂಬ ‘ಹಾ ಹಾ’ ಎದ್ದು ಪಕ್ಕದ ತರಗತಿಯವರು ಇಣುಕಿ ನೋಡುತ್ತಾರೆ, ನೋಡಲಿ. ಆಮೇಲೆ ಜೋಡಿ ಹುಡುಕಲು ಬಿಡು. ಅಕ್ಕಿ–ಹಕ್ಕಿ, ಆಡು–ಹಾಡು, ಅತ್ತು–ಹತ್ತು, ಉಳಿ–ಹುಳಿ. ಒಂದು ಉಸಿರು ಸೇರಿದರೆ ಮೇಕೆ ಪದ್ಯವಾಗುತ್ತದೆ, ಅತ್ತದ್ದು ಹತ್ತಾಗುತ್ತದೆ. ಎರಡೂ ಪದ, ಎರಡಕ್ಕೂ ಅರ್ಥ, ಯಾವುದೂ ಅವಮಾನವಲ್ಲ. ಮಕ್ಕಳು ಮನೆಯಿಂದ ಹೊಸ ಜೋಡಿ ಹುಡುಕಿಕೊಂಡು ಬರತೊಡಗಿದ ಮೇಲೆ ಈ ಮೇಷ್ಟ್ರಿಗೆ ಬೆಳಗ್ಗೆ ಶಾಲೆಗೆ ಬೇಗ ಹೋಗಬೇಕು ಅನ್ನಿಸತೊಡಗಿತು. ಕಾಗದದಲ್ಲಿ ಹುರುಪಿನ ವಿಚಾರ ಕೇಳಿದ್ದೆಯಲ್ಲ, ಅದು ಹೀಗೆ ಬಂತು.

ತೊತ್ತೊ–ಚಾನ್ ಪುಸ್ತಕ ಓದಿದ್ದೀಯಾ? ಮಗುವಿನ ಮಾತನ್ನು ಪೂರ್ತಿ ಕೇಳುವುದು ಎಂದರೇನು ಎಂಬುದು ಅದರಲ್ಲಿದೆ. ಕನ್ನಡದಲ್ಲೂ ಸಿಗುತ್ತದೆ. ತೆತ್ಸುಕೊ ಕುರೊಯನಗಿ 1981ರಲ್ಲಿ ಬರೆದ ತಮ್ಮ ಬಾಲ್ಯದ ಕತೆ. ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಆ ಪುಟ್ಟ ಹುಡುಗಿಯನ್ನು ಟೋಕಿಯೊದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಸೊಸಾಕು ಕೊಬಯಾಶಿ ಎದುರಿಗೆ ಕೂರಿಸಿಕೊಂಡು, ನಿನಗೆ ಏನು ಹೇಳಬೇಕೋ ಹೇಳು ಎಂದರು. ನಾಲ್ಕು ಗಂಟೆ ಕೇಳಿದರು. ನಿನ್ನ ಶಾಲೆಯಲ್ಲಿ ನಾಲ್ಕು ಗಂಟೆ ಸಿಗದು, ಅದು ಗೊತ್ತು. ಊಟದ ಸಾಲಿನಲ್ಲಿ ನಾಲ್ಕು ನಿಮಿಷ ಸಿಗುತ್ತದೆ.

ಅದೇ ತೊಮೊಯೆಯಲ್ಲಿ ಹಳೆಯ ರೈಲು ಬೋಗಿಗಳೇ ತರಗತಿಗಳಾಗಿದ್ದವು. ಯಲಿಯೂರಿನ ಮಕ್ಕಳಿಗೆ ರೈಲು ಹೊಸತೇನಲ್ಲ. ಬೆಂಗಳೂರು–ಮೈಸೂರು ಹಳಿಯಲ್ಲಿ ಮಂಡ್ಯ ದಾಟಿದರೆ ನಮ್ಮ ಸಣ್ಣ ನಿಲ್ದಾಣ. ಯಾವ ಗಾಡಿ ನಿಲ್ಲುತ್ತದೆ, ಯಾವುದು ಧೂಳೆಬ್ಬಿಸಿ ಹೋಗುತ್ತದೆ ಎಂಬುದು ಎರಡನೇ ತರಗತಿಯ ಮಗುವಿಗೂ ಗೊತ್ತು. ಅಷ್ಟಿದ್ದರೂ ಮಗ್ಗಿಯನ್ನು ಬರೀ ಗೋಡೆ ನೋಡಿ ಹೇಳಿಸುತ್ತೇವೆ. ಒಂದು ಬೋಗಿಗೆ ಎಂಟು ಗಾಲಿ. ಹನ್ನೆರಡು ಬೋಗಿಗೆ ಎಷ್ಟು ಎಂದು ಕೇಳಿದರೆ ಎಂಟರ ಮಗ್ಗಿ ತಾನೇ ಓಡುತ್ತದೆ.

ಹೆತ್ತವರಲ್ಲಿ ಇಬ್ಬರನ್ನು ಜೊತೆ ಮಾಡಿಕೊಂಡು, ಹಳಿಯ ಹತ್ತಿರ ಬಿಡದೆ, ಮಕ್ಕಳನ್ನು ಒಮ್ಮೆ ಹತ್ತಿರದ ನಿಲ್ದಾಣದ ಪ್ಲಾಟ್‌ಫಾರಂಗೆ ಕರೆದೊಯ್ಯಿ. ಹಳದಿ ಫಲಕದಲ್ಲಿ ಊರ ಹೆಸರು ಮೂರು ಲಿಪಿಯಲ್ಲಿದೆ. ಕೆಳಗೆ ಸಣ್ಣದಾಗಿ ಸಮುದ್ರ ಮಟ್ಟದಿಂದ ಊರು ಎಷ್ಟು ಎತ್ತರ ಎಂದು ಬರೆದಿರುತ್ತದೆ. ಬೆಂಗಳೂರು ಸುಮಾರು 900 ಮೀಟರ್, ಮಂಡ್ಯ 700ಕ್ಕಿಂತ ಕೆಳಗೆ, ಮೈಸೂರು ಮತ್ತೆ 750ರ ಮೇಲೆ. ಅಂದರೆ ಗಾಡಿ ಇಳಿದು ಬಂದು ಪುನಃ ಹತ್ತುತ್ತದೆ. ‘ಇಲ್ಲಿ ಸಮುದ್ರವೇ ಇಲ್ಲವಲ್ಲ, ಯಾರು ಅಳೆದರು?’ ಎಂದು ಒಂದಾದರೂ ಮಗು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ನಾಳೆ ಹುಡುಕೋಣ’ ಅನ್ನು. ಮೇಡಂಗೂ ಗೊತ್ತಿಲ್ಲದ್ದು ಇದೆ ಎಂದು ತಿಳಿದ ದಿನ ಮಕ್ಕಳು ಹತ್ತಿರ ಸರಿದು ಕೂರುತ್ತಾರೆ.

ಇನ್ನು ಗೈರುಹಾಜರಿಯ ಮಾತು. ಮಗು ಯಾಕೆ ಬರಲಿಲ್ಲ ಎಂಬುದು ಅದರ ಮನೆ ನೋಡಿದರೆ ತಿಳಿಯುತ್ತದೆ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಶುರುವಾದಾಗ ಕೊರೊನಾದಿಂದ ಶಾಲೆ ಮುಚ್ಚಿತ್ತು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮನೆಯ ಪಡಸಾಲೆಯಲ್ಲಿ ಪಾಠ ಮಾಡಿದರು. ಅದು ಅಕ್ಟೋಬರಿನಲ್ಲಿ ನಿಂತಿತು. ಆ ಎರಡು ತಿಂಗಳು ಅಕ್ಷರ ಎಷ್ಟು ಬಂತೋ ಬಿಡು, ಎಷ್ಟೋ ಮೇಷ್ಟ್ರುಗಳು ಮೊದಲ ಸಲ ಮಕ್ಕಳ ಮನೆ ಕಂಡರು. ಮದ್ದೂರು, ಮಳವಳ್ಳಿ ಕಡೆ ರೇಷ್ಮೆ ಸಾಕುವ ಮನೆಗೆ ಹೋದರೆ ಬಾಗಿಲಲ್ಲೇ ಗೊತ್ತಾಗುತ್ತದೆ. ಹುಳ ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಬೇಕು. ಹುಳ ಹಣ್ಣಾದಾಗ ಮನೆಯ ಮಗುವಿನಿಂದ ಮುದುಕಿಯವರೆಗೆ ಎಲ್ಲರೂ ಹಣ್ಣುಹುಳ ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆ ಎರಡು ದಿನ ಮಗು ಶಾಲೆಗೆ ಬರುವುದಿಲ್ಲ, ಮೂರನೇ ದಿನ ಬಂದು ತೂಕಡಿಸುತ್ತದೆ. ಹಾಜರಿ ಪುಸ್ತಕದಲ್ಲಿ ಅದು ಗೈರು. ಆದರೆ ಆ ಮಗು ಇಡೀ ಒಂದು ಜೀವಚಕ್ರವನ್ನು ಬೆರಳಿನಿಂದ ಮುಟ್ಟಿ ನೋಡಿ ಬಂದಿದೆ.

ಆ ಮಗುವನ್ನು ಎಬ್ಬಿಸಿ ಬಯ್ಯಬೇಡ, ಮುಂದೆ ಕರೆದು ಮೇಷ್ಟ್ರನ್ನಾಗಿ ಮಾಡು. ಚಾಕಿಯ ಎಳೆಹುಳದಿಂದ ಗೂಡಿನವರೆಗೆ ಎಷ್ಟು ದಿನ ಎಂದು ಮಗುವೇ ಲೆಕ್ಕ ಹೇಳಲಿ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ ಎಂದು ನೀನು ಹೇಳು. ನಮ್ಮ ಶಾಲೆಯಿಂದ ಅಷ್ಟು ಎಳೆ ಬಿಡುತ್ತ ಹೋದರೆ ಎಲ್ಲಿ ಮುಗಿಯುತ್ತದೆ ಎಂದು ಕೇಳು. ಅವತ್ತು ಪಠ್ಯಪುಸ್ತಕ ತೆರೆಯದಿದ್ದರೂ ಗಣಿತ ಆಯಿತು, ಪರಿಸರ ಅಧ್ಯಯನ ಆಯಿತು.

ಮೊದಲ ದಿನವೇ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ಅಂದುಕೊಳ್ಳಬೇಡ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದವರು. ಅವರ ‘ದಿವಾಸ್ವಪ್ನ’ ಪುಸ್ತಕದ ಮೇಷ್ಟ್ರು ಎಷ್ಟೊಂದು ಸಿದ್ಧತೆ ಮಾಡಿಕೊಂಡು ನಾಲ್ಕನೇ ತರಗತಿಗೆ ಕಾಲಿಡುತ್ತಾರೆ. ಮೌನದ ಆಟ ಆಡಿಸಲು ಹೋದರೆ ಕೋಣೆ ಗದ್ದಲದಲ್ಲಿ ಮುಳುಗುತ್ತದೆ. ಮಕ್ಕಳನ್ನು ಮನೆಗೆ ಕಳಿಸಿಬಿಡಬೇಕಾಗುತ್ತದೆ. ಮರುದಿನ ಅವರು ಕತೆ ಹೇಳಲು ಕೂರುತ್ತಾರೆ, ಗದ್ದಲ ತಾನೇ ಅಡಗುತ್ತದೆ. ಸೋತ ದಿನವನ್ನೂ ಬಚ್ಚಿಡದೆ ಬರೆದದ್ದಕ್ಕೇ ಆ ಪುಸ್ತಕವನ್ನು ಇಂದಿಗೂ ಮೇಷ್ಟ್ರುಗಳು ನಂಬುತ್ತಾರೆ.

ಗದ್ದಲ ಹೆಚ್ಚಾದಾಗ ಕೋಲಿನ ನೆನಪು ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವ ಹಾಗೆ ಹಿಂಸಿಸುವುದನ್ನೂ ನಿಷೇಧಿಸಿದೆ. ಎರಡನೆಯದನ್ನು ನಾವು ಮರೆಯುತ್ತೇವೆ. ‘ಹಕ್ಕಿ’ ಎಂದು ಹತ್ತು ಸಲ ಹೇಳಿಸಿದ್ದು ಯಾವ ಕೋಲಿಗೂ ಕಡಿಮೆಯಿರಲಿಲ್ಲ. ಅದೇ ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಮೇಷ್ಟ್ರುಗಳನ್ನು ಹಚ್ಚಬಾರದು ಎನ್ನುತ್ತದೆ. ಆದರೂ ಕಾಗದಪತ್ರದ ಕೆಲಸ ಇದ್ದೇ ಇರುತ್ತದೆ. ಅದಕ್ಕೆ ದಿನದ ಕೊನೆಯ ಹೊತ್ತು ಕೊಡು, ಮೊದಲ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡ.

ಸುತ್ತಲ ಶಾಲೆಗಳವರೆಲ್ಲ ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಹೋಗುವಾಗ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಹೋಗು: ಈ ತಿಂಗಳು ಯಾವ ಮಗು, ಯಾವ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತು? ಕಾರ್ಡು ಕಟ್ಟಿದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಕೂತು ಮಾತಾಡಿದ್ದು ಇಂಥದ್ದನ್ನೇ. ನಿನ್ನಂಥ ಇನ್ನೊಬ್ಬಳು ಪಕ್ಕದ ಊರಲ್ಲಿ ಅದೇ ಜಾಗದಲ್ಲಿ ನಿಂತಿರುತ್ತಾಳೆ.

ಈ ಕಾಗದದ ಜೊತೆ ನೂರು ಪುಟದ ಒಂದು ನೋಟ್‌ಬುಕ್ ಇದೆ. ದಿನಕ್ಕೆ ಒಂದು ಮಗು, ನಾಲ್ಕು ಸಾಲು. ಏನು ಹೇಳಿತು, ಅದರ ಮಾತಿನಲ್ಲೇ ಬರೆ, ತಿದ್ದಬೇಡ. ಮೊದಲ ಪುಟ ಆ ಮೂಲೆಯ ಹುಡುಗನಿಗಿರಲಿ. ಅವನ ಮನೆಯಲ್ಲಿ ಕುರಿ ಇದೆಯೋ, ಹುಳ ಸಾಕುತ್ತಾರೋ, ಅಪ್ಪ ಕಬ್ಬು ಕಡಿಯಲು ಹೋಗುತ್ತಾನೋ ಕೇಳು. ಕಿಟಕಿಯಾಚೆ ಅವನು ಏನನ್ನಾದರೂ ನೋಡುತ್ತಿದ್ದರೆ ಪಾಠ ನಿಲ್ಲಿಸಿ ನೀನೂ ಹೋಗಿ ನೋಡು. ದಸರೆ ರಜೆಗೆ ಊರಿಗೆ ಬಂದಾಗ ಆ ನೋಟ್‌ಬುಕ್ ತಾ. ಅವನ ಪುಟದಲ್ಲಿ ‘ಅಕ್ಕಿ ಆರೋಯ್ತು’ ಎಂದಿದ್ದರೆ ಮೊದಲು ಅದನ್ನೇ ಓದಬೇಕು.

ಇತಿ ನಿನ್ನ ಒಳಿತು ಬಯಸುವ,
ಯಲಿಯೂರಿನ ನಿವೃತ್ತ ಮೇಷ್ಟ್ರು