ಬ್ರೇಕಿಲ್ಲದ ದೋಣಿ

ಸೈಕಲ್ ಓಡಿಸುವಾಗ ಎದುರಿಗೆ ಹಸು ಅಡ್ಡ ಬಂದರೆ ಏನು ಮಾಡುತ್ತೀರಿ? ಕೂಡಲೇ ಬ್ರೇಕ್ ಹಿಡಿಯುತ್ತೀರಿ. ಚಕ್ರ ನಿಲ್ಲುತ್ತದೆ, ಸೈಕಲೂ ನಿಲ್ಲುತ್ತದೆ. ಬಸ್ಸಿಗೂ ಬ್ರೇಕ್ ಇದೆ, ರೈಲಿಗೂ ಇದೆ. ಆದರೆ ಗಾಳಿಯ ಬಲದಿಂದ ಸಾಗುವ ಹಾಯಿದೋಣಿಗೆ ಬ್ರೇಕ್ ಎಂಬುದೇ ಇಲ್ಲ. ಹಾಯಿಯನ್ನು ಇಳಿಸಿದರೂ ಅದು ನೀರಿನ ಮೇಲೆ ಜಾರುತ್ತಾ ಸ್ವಲ್ಪ ದೂರ ಮುಂದೆ ಹೋಗುತ್ತಲೇ ಇರುತ್ತದೆ. ಹಾಗಾದರೆ ಅದನ್ನು ದಕ್ಕೆಯ ಕಲ್ಲಿಗೆ ಗುದ್ದದಂತೆ ನಿಲ್ಲಿಸುವುದು ಹೇಗೆ? ಅದೂ ದೋಣಿಯಲ್ಲಿ ಒಬ್ಬನೇ ಇದ್ದಾಗ?

ಮೂವರು ಇದ್ದರೆ ಕೆಲಸ ಹಂಚಿಕೊಳ್ಳಬಹುದು. ಒಬ್ಬನು ಚುಕ್ಕಾಣಿ ಹಿಡಿಯುತ್ತಾನೆ, ಒಬ್ಬನು ಹಾಯಿ ಇಳಿಸುತ್ತಾನೆ, ಮತ್ತೊಬ್ಬನು ಹಗ್ಗ ಎಸೆಯುತ್ತಾನೆ. ಒಬ್ಬನೇ ಇದ್ದರೆ ಈ ಮೂರೂ ಅವನ ಪಾಲಿಗೇ ಬರುತ್ತವೆ. ಚುಕ್ಕಾಣಿ ಇರುವುದು ದೋಣಿಯ ಹಿಂಬದಿಯಲ್ಲಿ, ಮುಂದಿನ ಹಾಯಿ ಇರುವುದು ಮೂತಿಯಲ್ಲಿ. ಕೈಗಳೋ ಎರಡೇ! ನಡುಗಡಲಿನಲ್ಲಿ ದೋಣಿ ಸ್ವಲ್ಪ ಅತ್ತಿತ್ತ ಹೋದರೆ ತೊಂದರೆಯಿಲ್ಲ, ಸುತ್ತಲೂ ಬೇಕಾದಷ್ಟು ನೀರಿದೆ. ದಡದ ಹತ್ತಿರ ಹಾಗಲ್ಲ. ಅಲ್ಲಿ ಒಂದು ಕ್ಷಣ ತಡವಾದರೂ ಹಲಗೆ ಒಡೆಯಬಹುದು.

ಜೋಶುವ ಸ್ಲೋಕಮ್ ಎಂಬ ನಾವಿಕನಿಗೆ ಇಂಥದೇ ಒಂದು ಪರೀಕ್ಷೆ ಎದುರಾಯಿತು. ಅವನು ಕೆನಡಾ ದೇಶದ ನೋವಾ ಸ್ಕೋಶಿಯದಲ್ಲಿ 1844ರಲ್ಲಿ ಹುಟ್ಟಿದವನು. ಶಾಲೆಯಲ್ಲಿ ಓದಿದ್ದು ಕಡಿಮೆ. ಚಿಕ್ಕಂದಿನಲ್ಲೇ ಕಡಲಿಗಿಳಿದು, ದೊಡ್ಡವನಾದ ಮೇಲೆ ದೊಡ್ಡ ದೊಡ್ಡ ಹಾಯಿಹಡಗುಗಳಿಗೆ ಕಪ್ತಾನನಾದನು. ಉಗಿಹಡಗುಗಳು ಬಂದ ಮೇಲೆ ಹಾಯಿಹಡಗುಗಳಿಗೆ ಬೇಡಿಕೆ ಇಳಿಯಿತು. ಆಗ ಅವನ ಪರಿಚಯದ ಒಬ್ಬ ಮುದುಕ ಕಪ್ತಾನನು ಅವನಿಗೆ ಒಂದು ದೋಣಿಯನ್ನು ಕೊಟ್ಟನು. ದೋಣಿಯ ಹೆಸರು 'ಸ್ಪ್ರೇ'. ಹೋಗಿ ನೋಡಿದರೆ ಅದು ನೀರಿನಿಂದ ದೂರ, ಒಂದು ಹೊಲದಲ್ಲಿ ನಿಂತಿತ್ತು. ಬಹಳ ಹಳೆಯ ದೋಣಿ, ಹಲಗೆಗಳೆಲ್ಲ ಹಾಳಾಗಿದ್ದವು. ಸ್ಲೋಕಮ್ ಬೇಸರಪಡಲಿಲ್ಲ. ಹತ್ತಿರದ ಓಕ್ ಮರವನ್ನು ಕಡಿದು, ಸೀಳಿ, ಒಂದೊಂದೇ ಹಲಗೆಯನ್ನು ಬದಲಾಯಿಸಿದನು. ಹದಿಮೂರು ತಿಂಗಳು ದುಡಿದನು. ತಗಲಿದ ಖರ್ಚು 553 ಡಾಲರು 62 ಸೆಂಟು. ಪೈಸೆಯ ಲೆಕ್ಕವನ್ನೂ ಬರೆದಿಟ್ಟ ಮನುಷ್ಯ ಅವನು! ದೋಣಿಯ ಉದ್ದ 36 ಅಡಿ 9 ಅಂಗುಲ. ಎಂದರೆ ನಮ್ಮ ಒಂದು ಬಸ್ಸಿನಷ್ಟು.

1895ರ ಎಪ್ರಿಲ್ 24ರಂದು ಸ್ಲೋಕಮ್ ಅಮೆರಿಕದ ಬೋಸ್ಟನ್ ಬಂದರಿನಿಂದ ಒಬ್ಬನೇ ಹೊರಟನು. ಭೂಮಿಯನ್ನೇ ಒಂದು ಸುತ್ತು ಹಾಕಿ ಬರಬೇಕೆಂಬುದು ಅವನ ಆಸೆ. ಅವನು ಮೊದಲು ನಿಲ್ಲಬೇಕೆಂದುಕೊಂಡದ್ದು ಸಮೀಪದ ಗ್ಲೌಸ್ಟರ್ ಬಂದರಿನಲ್ಲಿ. ಅದು ಹೆಸರಾಂತ ಬೆಸ್ತರ ಊರು. ಅಂದು ಗಾಳಿ ಬಲವಾಗಿ ಬೀಸುತ್ತಿತ್ತು. ಕೊಲ್ಲಿಯ ತುಂಬ ಬಿಳಿ ನೊರೆ. ದೋಣಿ ಬಾಣದಂತೆ ಬಂದರಿನೊಳಗೆ ನುಗ್ಗಿತು. ಎಷ್ಟೋ ಹಡಗುಗಳನ್ನು ನಡೆಸಿದ್ದ ಕಪ್ತಾನನಾದರೂ ಸಹಾಯಕ್ಕೆ ಯಾರೂ ಇಲ್ಲದೆ ಬಂದರಿಗೆ ಬರುವುದು ಅವನಿಗೆ ಅದೇ ಮೊದಲು. ದೋಣಿ ನೇರವಾಗಿ ದಕ್ಕೆಯ ಕಡೆಗೇ ಬರುವುದನ್ನು ಕಂಡು ಮುದುಕ ಬೆಸ್ತರು ಓಡೋಡಿ ಬಂದರು. "ಇದು ಚೂರಾಯಿತು" ಎಂದೇ ಅವರಿಗೆ ತೋರಿರಬೇಕು.

ಸ್ಲೋಕಮ್‌ನ ಎದೆ ಡವಗುಟ್ಟುತ್ತಿತ್ತು. ಅವನು ಚುಕ್ಕಾಣಿಯ ಚಕ್ರವನ್ನು ಬಿಟ್ಟುಬಿಟ್ಟನು! ಬೇಗನೆ ಮುಂದಕ್ಕೆ ಹೋಗಿ ಮೂತಿಯ ಕಡೆಯ ಚಿಕ್ಕ ಹಾಯಿಯನ್ನು ಇಳಿಸಿದನು. ಅಷ್ಟೇ. ದೋಣಿ ತಾನಾಗಿ ಗಾಳಿಯ ಕಡೆಗೆ ಮುಖ ತಿರುಗಿಸಿತು. ಅದರ ವೇಗ ತಗ್ಗಿತು. ಸಂಜೆ ಕೊಟ್ಟಿಗೆಗೆ ಮರಳಿದ ಹಸು ತನ್ನ ಗೂಟದ ಬಳಿ ನಿಲ್ಲುವಂತೆ ದೋಣಿ ಮೆಲ್ಲನೆ ದಕ್ಕೆಯ ಮೂಲೆಯ ಕಂಬದ ಬಳಿ ನಿಂತಿತು. ಸ್ಲೋಕಮ್ ಅವಸರವಿಲ್ಲದೆ ಕಂಬಕ್ಕೆ ಹಗ್ಗ ಸುತ್ತಿದನು. ನೆರೆದವರು ಸಂತೋಷದಿಂದ ಕೂಗಿದರು. ಒಬ್ಬ ಹಳೆಯ ನಾವಿಕನಂತೂ ಹೊಗಳಿಯೇ ಹೊಗಳಿದನು. ಸ್ಲೋಕಮ್ ಮಾತ್ರ ಒಂದು ಮಾತೂ ಆಡಲಿಲ್ಲ. ಇದೇನು ಮಹಾ ಎನ್ನುವಂತೆ ಸುಮ್ಮನೆ ನಿಂತನು. ಯಾಕೆ ಗೊತ್ತೇ? ಅವನಿಗೆ ಇನ್ನೂ ಏದುಸಿರು ಬರುತ್ತಿತ್ತು. ಬಾಯಿ ತೆರೆದರೆ ತಾನು ಎಷ್ಟು ಹೆದರಿದ್ದೆ ಎಂಬುದು ಎಲ್ಲರಿಗೂ ತಿಳಿದುಬಿಡುತ್ತಿತ್ತು. ಈ ಗುಟ್ಟನ್ನು ಅವನೇ ಮುಂದೆ ತನ್ನ ಪುಸ್ತಕದಲ್ಲಿ ಬರೆದನು.

ಚುಕ್ಕಾಣಿ ಬಿಟ್ಟರೂ ದೋಣಿ ಸರಿಯಾದ ಕಡೆಗೆ ತಿರುಗಿದ್ದು ಹೇಗೆ? ಕೆಲವು ಕಟ್ಟಡಗಳ ಮೇಲೆ ಗಾಳಿಯ ದಿಕ್ಕು ತೋರಿಸುವ ತಗಡಿನ ಕೋಳಿ ಇರುತ್ತದೆ. ಅದರ ಬಾಲ ಅಗಲ, ಮೂತಿ ಚಿಕ್ಕದು. ಗಾಳಿ ಅಗಲವಾದ ಬಾಲವನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಮೂತಿ ಗಾಳಿಗೆ ಎದುರಾಗುತ್ತದೆ. ದೋಣಿಯಲ್ಲಿಯೂ ಮುಂದಿನ ಹಾಯಿ ಇಳಿದ ಮೇಲೆ ಉಳಿದದ್ದು ಹಿಂದಿನ ದೊಡ್ಡ ಹಾಯಿ ಮಾತ್ರ. ಗಾಳಿ ಅದನ್ನು ತಳ್ಳಿತು, ಮೂತಿ ಗಾಳಿಗೆ ಎದುರಾಗಿ ತಿರುಗಿತು. ಹಾಯಿಯ ಅಂಚು ನೇರವಾಗಿ ಗಾಳಿಗೆ ಎದುರಾದರೆ ಅದರಲ್ಲಿ ಗಾಳಿ ತುಂಬುವುದಿಲ್ಲ. ಅದು ಬಟ್ಟೆ ಒಣಗಹಾಕಿದಂತೆ ಪಟಪಟ ಎನ್ನುತ್ತದೆ. ಮುಂದೆ ತಳ್ಳುವ ಬಲ ಇಲ್ಲ, ಮೇಲಾಗಿ ಎದುರುಗಾಳಿ ಹಿಂದಕ್ಕೆ ನೂಕುತ್ತದೆ. ಹಾಯಿದೋಣಿಯ ಬ್ರೇಕ್ ಎಂದರೆ ಇದೇ. ಅದು ದೋಣಿಯಲ್ಲಿಲ್ಲ, ಗಾಳಿಯಲ್ಲಿದೆ.

ಹೊಳೆಯಲ್ಲಾದರೆ ನೀರಿನ ಹರಿವನ್ನೂ ನೋಡಬೇಕು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯಂಥ ಹೊಳೆಗಳು ತುಂಬಿ ಹರಿಯುವಾಗ ಗಾಳಿಗಿಂತ ನೀರಿನ ಸೆಳೆತವೇ ಹೆಚ್ಚು. ಆಗ ಕಡವಿಗೆ ಬರುವ ಅಂಬಿಗನು ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿಯಬೇಕು. ಗಾಳಿ, ನೀರು ಇವೆರಡರಲ್ಲಿ ಯಾವುದು ಬಲವಾಗಿದೆಯೋ ಅದಕ್ಕೆ ಎದುರಾಗಿ ಬರಬೇಕು.

ಯಾವುದು ಬಲವೆಂದು ತಿಳಿಯುವುದು ಹೇಗೆ? ಜಾಣ ನಾವಿಕನು ಮೊದಲ ಸಲವೇ ದಕ್ಕೆಗೆ ಹೋಗುವುದಿಲ್ಲ. ದೂರದಿಂದಲೇ ಒಂದು ಸುತ್ತು ಹಾಕುತ್ತಾನೆ. ಲಂಗರು ಹಾಕಿ ನಿಂತ ಬೇರೆ ದೋಣಿಗಳ ಮೂತಿ ಎತ್ತ ಇದೆ ನೋಡುತ್ತಾನೆ. ಬಾವುಟ ಹಾರುವುದನ್ನು, ಕಂಬಗಳ ಬುಡದಲ್ಲಿ ನೀರು ಸೀಳುವುದನ್ನು ಗಮನಿಸುತ್ತಾನೆ. ಹಗ್ಗಗಳನ್ನು ಆಗಲೇ ಸಿಕ್ಕು ಬಿಡಿಸಿ ಸುರುಳಿ ಮಾಡಿ ಇಡುತ್ತಾನೆ. ದೋಣಿಯ ಎರಡೂ ಬದಿಗೆ ಹಳೆಯ ಟಯರನ್ನೋ ಗಾಳಿ ತುಂಬಿದ ಚೆಂಡನ್ನೋ ತೂಗುಹಾಕುತ್ತಾನೆ. ದಕ್ಕೆ ಹತ್ತಿರ ಬಂದ ಮೇಲೆ ಹಗ್ಗ ಹುಡುಕುತ್ತಾ ಕೂತರೆ ಆಯಿತು ಕಥೆ! ವೇಗ ಕಡಿಮೆ ಇರಬೇಕು, ಆದರೆ ತೀರಾ ಕಡಿಮೆಯಾದರೂ ಕಷ್ಟ. ಚುಕ್ಕಾಣಿಯ ಹಲಗೆಯ ಪಕ್ಕದಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ದೋಣಿ ನೀರಿನಲ್ಲಿ ಸುಮ್ಮನೆ ನಿಂತರೆ ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ಮೂತಿ ಅಲುಗದು. ಲೆಕ್ಕ ತಪ್ಪಿತೆಂದು ಕಂಡರೆ ಹಾಯಿ ಬಿಗಿದು ದೂರ ಹೋಗಿ ಇನ್ನೊಮ್ಮೆ ಬರುವುದೇ ಒಳ್ಳೆಯದು. ನೋಡುವವರು ನಕ್ಕರೆ ನಗಲಿ.

ಮೊದಲು ಯಾವ ಹಗ್ಗ ಕಟ್ಟಬೇಕು? ಮೂತಿಯ ಹಗ್ಗ ಎಂದು ನೀವು ಹೇಳಬಹುದು. ಹಸುವನ್ನು ಕಟ್ಟುವುದು ಕೊರಳಿಗೆ ತಾನೆ? ಆದರೆ ಒಂಟಿ ನಾವಿಕನು ಮೂತಿಯನ್ನು ಮಾತ್ರ ಕಟ್ಟಿದರೆ ದೋಣಿಯ ಹಿಂಬದಿ ಬಾಗಿಲಿನಂತೆ ಹೊರಕ್ಕೆ ತೆರೆದುಕೊಳ್ಳುತ್ತದೆ. ಅವನು ಅಲ್ಲಿಗೆ ಓಡುವಷ್ಟರಲ್ಲಿ ದೋಣಿ ಅಡ್ಡಡ್ಡ ನಿಂತಿರುತ್ತದೆ. ಅದಕ್ಕಾಗಿ ಮೊದಲು ದೋಣಿಯ ನಡುಭಾಗದಿಂದ ಒಂದು ಹಗ್ಗ. ನಡು ಸಿಕ್ಕಿದರೆ ಎರಡು ತುದಿಗಳೂ ಹೆಚ್ಚು ದೂರ ಹೋಗಲಾರವು. ಆಮೇಲೆ ನಿಧಾನವಾಗಿ ಹಿಂದಿನದು, ಮುಂದಿನದು.

ಹಲವು ಟನ್ ತೂಕದ ದೋಣಿಯನ್ನು ಕೈಯಲ್ಲಿ ಹಗ್ಗ ಹಿಡಿದು ನಿಲ್ಲಿಸಲು ಯಾರಿಂದಲೂ ಆಗದು. ಕೈ ಸುಲಿದುಹೋಗುತ್ತದೆ. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಹಗ್ಗಕ್ಕೂ ಕಂಬಕ್ಕೂ ಉಜ್ಜಾಟವಾಗಿ ಭಾರವನ್ನೆಲ್ಲ ಕಂಬವೇ ಹೊರುತ್ತದೆ. ನಾವಿಕನು ತುದಿಯನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ಸಾಕು. ದಕ್ಕೆಗೂ ದೋಣಿಗೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಎಂದಿಗೂ ಇಡಬಾರದು. ದೋಣಿಯಿಂದ ದಕ್ಕೆಗೆ ಹಾರಲೂಬಾರದು. ಕಾಲು ಜಾರಿ ನೀರಿಗೆ ಬಿದ್ದರೆ ಎತ್ತಲು ದೋಣಿಯಲ್ಲಿ ಮತ್ತೊಬ್ಬನಿಲ್ಲ. ಹಾರುವಾಗ ಹಗ್ಗ ಕೈತಪ್ಪಿದರೆ ಅವನು ದಡದಲ್ಲಿ, ದೋಣಿ ಹೊಳೆಯ ಪಾಲು.

ಕಟ್ಟಿದ ಹಗ್ಗ ತುಂಬ ಬಿಗಿಯಾಗಿದ್ದರೂ ಅಪಾಯವೇ. ಕಡಲಿನ ನೀರು ಹೆಚ್ಚಿನ ಕಡೆಗಳಲ್ಲಿ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕಾಸರಗೋಡಿನ ಕಡೆಯ ಅಳಿವೆಗಳಲ್ಲಿ ಈ ಏರಿಳಿತ ಕಡಿಮೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿರುವ ಭಾವನಗರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಸಮಯದಲ್ಲಿ ಅದು ಹತ್ತು ಮೀಟರಿಗೂ ಹೆಚ್ಚು! ಮೂರು ಮಾಳಿಗೆಯ ಮನೆಯಷ್ಟು ಎತ್ತರ. ಉಬ್ಬರದಲ್ಲಿ ಬಿಗಿಯಾಗಿ ಕಟ್ಟಿ ಹೋದ ದೋಣಿ ಇಳಿತದ ಹೊತ್ತಿಗೆ ಹಗ್ಗದಲ್ಲಿ ನೇತಾಡಬಹುದು. ಆದ್ದರಿಂದ ಮುಂದಿನ ಮತ್ತು ಹಿಂದಿನ ಹಗ್ಗಗಳನ್ನು ಉದ್ದವಾಗಿ ಬಿಡುತ್ತಾರೆ.

ದಕ್ಕೆಯೇ ಇಲ್ಲದ ಕಡೆ ಲಂಗರು ಹಾಕಬೇಕು. ಲಂಗರು ತನ್ನ ತೂಕದಿಂದ ಮಾತ್ರ ದೋಣಿಯನ್ನು ಹಿಡಿಯುತ್ತದೆಂದು ತಿಳಿಯಬೇಡಿ. ಅದರ ಕೊಕ್ಕೆ ತಳದ ಮಣ್ಣಿನಲ್ಲಿ ನೆಡಬೇಕು. ಹಗ್ಗ ಮೇಲಕ್ಕೆ ಎಳೆದರೆ ಕೊಕ್ಕೆ ಕಿತ್ತು ಬರುತ್ತದೆ, ನೆಲದುದ್ದಕ್ಕೆ ಎಳೆದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಅದಕ್ಕೆ ನೀರಿನ ಆಳದ ಐದು ಪಟ್ಟಾದರೂ ಹಗ್ಗ ಬಿಡುವುದು ವಾಡಿಕೆ. ಮೂರು ಮೀಟರ್ ಆಳವಿದ್ದರೆ ಹದಿನೈದು ಮೀಟರ್ ಹಗ್ಗ.

ಲಂಗರಿನಿಂದಲೇ ಸ್ಲೋಕಮ್‌ನ ಜೀವಕ್ಕೆ ಒಮ್ಮೆ ಕುತ್ತು ಬಂದಿತ್ತು. 1895ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಕರಾವಳಿಯಲ್ಲಿ 'ಸ್ಪ್ರೇ' ಮರಳಿನ ಮೇಲೆ ಹತ್ತಿ ಕೂತಿತು. ಲಂಗರನ್ನು ಆಳದ ನೀರಿನಲ್ಲಿ ನೆಟ್ಟರೆ ಅದರ ಹಗ್ಗ ಎಳೆದು ದೋಣಿಯನ್ನು ಬಿಡಿಸಬಹುದು. ಅವನು ದೊಡ್ಡ ಲಂಗರನ್ನು ಒಂದು ಪುಟ್ಟ ದೋಣಿಯಲ್ಲಿಟ್ಟು ಹುಟ್ಟು ಹಾಕುತ್ತಾ ಹೊರಟನು. ಪುಟ್ಟ ದೋಣಿ ಸೋರತೊಡಗಿತು, ಅಂಚಿನವರೆಗೂ ನೀರು ತುಂಬಿತು. ಅವನು ಎದ್ದು ನಿಂತು ಲಂಗರನ್ನು ತಲೆಯ ಮೇಲಕ್ಕೆತ್ತಿ ದೂರಕ್ಕೆ ಎಸೆದನು. ಅಷ್ಟರಲ್ಲಿ ದೋಣಿ ಮಗುಚಿತು. ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಾಗ ಅವನಿಗೆ ಥಟ್ಟನೆ ನೆನಪಾಯಿತಂತೆ, ತನಗೆ ಈಜು ಬರುವುದಿಲ್ಲವೆಂದು! ಹೇಗೋ ದಡ ಸೇರಿದನು. ಆಮೇಲೆ ನೀರು ಏರಿದಾಗ ಊರವರ ಸಹಾಯದಿಂದ 'ಸ್ಪ್ರೇ' ತೇಲಿತು.

ಸುಮಾರು 46,000 ಮೈಲಿ ಸುತ್ತಿ, 1898ರ ಜೂನ್ 27ರಂದು ಸ್ಲೋಕಮ್ ಅಮೆರಿಕಕ್ಕೆ ಮರಳಿದನು. ಒಬ್ಬನೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿದವರಲ್ಲಿ ಅವನೇ ಮೊದಲಿಗ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಮೊದಲು ಮಾಡಿದವರು ನೌಕಾಪಡೆಯ ದಿಲೀಪ್ ದೋಂದೆ. ಅವರು ಗೋವಾದಲ್ಲಿ ಕಟ್ಟಿದ 'ಮಾದೇಯಿ' ಎಂಬ 56 ಅಡಿಯ ದೋಣಿಯಲ್ಲಿ 2009ರ ಆಗಸ್ಟಿನಲ್ಲಿ ಮುಂಬಯಿಯಿಂದ ಹೊರಟು, ದಾರಿಯಲ್ಲಿ ನಾಲ್ಕು ಬಂದರುಗಳಲ್ಲಿ ತಂಗಿ, 2010ರ ಮೇ ತಿಂಗಳಲ್ಲಿ ಹಿಂದಿರುಗಿದರು. ಅದೇ ದೋಣಿಯಲ್ಲಿ ಮಲಯಾಳಿಯಾದ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಹೊರಟರು. ಅವರದು ಎಲ್ಲೂ ನಿಲ್ಲದ ಯಾನ. ಐದು ತಿಂಗಳು ಅವರು ಯಾವ ದಕ್ಕೆಗೂ ಹಗ್ಗ ಎಸೆಯಲಿಲ್ಲ. 2013ರ ಮಾರ್ಚ್ 31ರಂದು ಮುಂಬಯಿಗೆ ತಲುಪಿದರು.

ಪದಗಳ ಅರ್ಥ
ದಕ್ಕೆ - ದೋಣಿ, ಹಡಗುಗಳನ್ನು ನಿಲ್ಲಿಸುವ ಕಟ್ಟೆ
ಕಡವು - ಹೊಳೆ ದಾಟಲು ದೋಣಿ ಹತ್ತುವ, ಇಳಿಯುವ ಜಾಗ
ಚುಕ್ಕಾಣಿ - ದೋಣಿಯ ದಿಕ್ಕನ್ನು ಬದಲಿಸುವ ಸಾಧನ
ಅಳಿವೆ - ಹೊಳೆ ಕಡಲನ್ನು ಸೇರುವ ಸ್ಥಳ

ಯೋಚಿಸಿ ಹೇಳಿರಿ
ಗ್ಲೌಸ್ಟರಿನಲ್ಲಿ ಸ್ಲೋಕಮ್ ಹಿಂದಿನ ದೊಡ್ಡ ಹಾಯಿಯನ್ನು ಇಳಿಸಿ, ಮುಂದಿನ ಚಿಕ್ಕ ಹಾಯಿಯನ್ನು ಹಾಗೆಯೇ ಬಿಟ್ಟಿದ್ದರೆ ದೋಣಿ ಎತ್ತ ತಿರುಗುತ್ತಿತ್ತು?

ಮಾಡಿ ನೋಡಿರಿ
ಶಾಲೆಯ ಅಂಗಳದಲ್ಲಿ ಗಟ್ಟಿಯಾದ ಕಂಬಕ್ಕೆ ಒಂದು ಹಗ್ಗವನ್ನು ಅರ್ಧ ಸುತ್ತು ಹಾಕಿರಿ. ಒಂದು ತುದಿಯನ್ನು ಗೆಳೆಯನು ಮೆಲ್ಲನೆ ಎಳೆಯಲಿ, ಇನ್ನೊಂದನ್ನು ನೀವು ಹಿಡಿಯಿರಿ. ಬಳಿಕ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಹಾಕಿ ನೋಡಿರಿ. ಎಷ್ಟು ಸುತ್ತು ಹಾಕಿದಾಗ ಎರಡೇ ಬೆರಳುಗಳಿಂದ ಹಿಡಿದು ನಿಲ್ಲಿಸಲು ಸಾಧ್ಯವಾಯಿತು? ನಿಮ್ಮ ಪುಸ್ತಕದಲ್ಲಿ ಬರೆಯಿರಿ.