ದಲ್ಲಾಳಿ ಯಾರ ಕಡೆಯವನು?

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವ್ಯವಹಾರ ನೀತಿಯ ಬಗ್ಗೆ ನಾವೆಲ್ಲ ಓದಿದ್ದೇವೆ. ಪರೀಕ್ಷೆಗೆ ಅರ್ಥ ಬರೆದು, ಅಂಕ ಪಡೆದು ಮರೆತುಬಿಡುತ್ತೇವೆ. ಆದರೆ ನಮ್ಮಂಥ ಮನೆಗಳು ಜೀವನದಲ್ಲಿ ಮಾಡುವ ಅತಿ ದೊಡ್ಡ ಖರೀದಿ ಒಂದು ಸೈಟು ಅಥವಾ ಮನೆ. ಅದು ಬಹುಪಾಲು ದಲ್ಲಾಳಿಯ ಮಾತಿನ ಮೇಲೆ ನಡೆಯುತ್ತದೆ. ಆದ್ದರಿಂದ ಆ ಪಾಠವನ್ನು ಈ ವೃತ್ತಿಗೆ ಹಚ್ಚಿ ನೋಡೋಣ.

'ದಲ್ಲಾಳಿ' ಪದದ ಮೂಲ ಅರಬ್ಬಿಯ 'ದಲ್ಲಾಲ್'. ನಮ್ಮ ಮನೆಯ ಉರ್ದುವಿನಲ್ಲಿ 'ದಲಾಲ್' ಎಂದರೆ ಈಗ ಅರ್ಧ ಬೈಗುಳ. ಆದರೆ ಆ ಪದದ ಧಾತುವಿನ ಅರ್ಥ 'ತೋರಿಸು, ದಾರಿ ತೋರು' ಎಂದು. ತೋರಿಸುವುದೇ ಅವನ ಕೆಲಸ ಎಂದಾದರೆ, ಮುಚ್ಚಿಡುವುದೇ ಅವನ ದೊಡ್ಡ ತಪ್ಪು. ಈ ವೃತ್ತಿಯ ನೀತಿಯೆಲ್ಲ ಈ ಒಂದು ಮಾತಿನಲ್ಲಿದೆ.

ಒಂದು ಲೆಕ್ಕ ಮಾಡೋಣ. 30×40 ಸೈಟು ಎಂದರೆ 1,200 ಚದರಡಿ. ಮಾಲೀಕರು ಚದರಡಿಗೆ 1,500 ರೂಪಾಯಿ ಕೇಳಿದರೆ ಬೆಲೆ 18 ಲಕ್ಷ. ಶೇ. 2ರಂತೆ ಕಮಿಷನ್ 36,000 ರೂಪಾಯಿ. ಎರಡೂ ಕಡೆಯಿಂದ ಪಡೆದರೆ 72,000. ಇಬ್ಬರಿಗೂ ಗೊತ್ತಿದ್ದರೆ ಇದರಲ್ಲಿ ಮೋಸವಿಲ್ಲ. ಈಗ ಅದೇ ದಲ್ಲಾಳಿ ಕೊಳ್ಳುವವರಿಗೆ 1,700 ರೂಪಾಯಿ ದರ ಹೇಳಿ, ಮಾಲೀಕರಿಗೆ 1,500ರ ಲೆಕ್ಕದಲ್ಲೇ ಹಣ ಮುಟ್ಟಿಸುತ್ತಾನೆ ಎಂದುಕೊಳ್ಳಿ. ನಡುವೆ 2,40,000 ರೂಪಾಯಿ ಯಾರಿಗೂ ಕಾಣದಂತೆ ಅವನ ಜೇಬಿಗೆ ಹೋಯಿತು. ಮಾಲೀಕರನ್ನೂ ಕೊಳ್ಳುವವರನ್ನೂ ರಿಜಿಸ್ಟ್ರೇಷನ್ ದಿನದವರೆಗೆ ಭೇಟಿಯಾಗಲು ಬಿಡದಿರುವುದು ಹಲವು ಸಲ ಇದಕ್ಕೇ.

ಕಾನೂನು ಏನು ಹೇಳುತ್ತದೆ? ಭಾರತೀಯ ಕರಾರು ಕಾಯ್ದೆ, 1872ರಲ್ಲಿ ಕೆಲಸ ಒಪ್ಪಿಸಿದವರನ್ನು 'ಪ್ರಿನ್ಸಿಪಾಲ್' ಎನ್ನುತ್ತಾರೆ (ನಮ್ಮ ಪ್ರಾಂಶುಪಾಲರಲ್ಲ!). ಅವರ ಪರವಾಗಿ ಪಡೆದ ಹಣವನ್ನು ಏಜೆಂಟ್ ನ್ಯಾಯವಾದ ಕಡಿತ ಬಿಟ್ಟು ಪೂರ್ತಿ ಅವರಿಗೇ ಕೊಡಬೇಕು, ಲೆಕ್ಕ ಒಪ್ಪಿಸಬೇಕು. 216ನೇ ಕಲಮಿನ ಉದಾಹರಣೆಯೇ ಮನೆಯದು: ಮನೆ ಕೊಡಿಸು ಎಂದವನಿಗೆ ಏಜೆಂಟ್ 'ಅದು ಸಿಗುವುದಿಲ್ಲ' ಎಂದು ಹೇಳಿ ತಾನೇ ಕೊಂಡರೆ, ಕೊಂಡ ಬೆಲೆಗೇ ಅವನಿಗೆ ಮಾರುವಂತೆ ಒತ್ತಾಯಿಸಬಹುದು.

ರಿಯಲ್ ಎಸ್ಟೇಟ್ ಕಾಯ್ದೆ, 2016 ಅಂದರೆ ರೇರಾ ಇನ್ನೂ ಮುಂದೆ ಹೋಯಿತು. ರೇರಾದಲ್ಲಿ ನೋಂದಣಿಯಾದ ಯೋಜನೆಯ ಸೈಟು, ಫ್ಲ್ಯಾಟ್ ಮಾರಿಸುವ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು. ಸುಳ್ಳು ಹೇಳಿಕೆ ಕೊಡಬಾರದು, ಲೆಕ್ಕಪುಸ್ತಕ ಇಡಬೇಕು, ಕೊಳ್ಳುವವರಿಗೆ ಸಿಗಬೇಕಾದ ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಆಸ್ತಿಯ ಬೆಲೆಯ ಶೇ. 5ರವರೆಗೆ ಬೆಳೆಯಬಹುದು.

ಆದರೆ ಹಳೆಯ ಮನೆ, ಒಬ್ಬರು ಇನ್ನೊಬ್ಬರಿಗೆ ಮಾರುವ ಒಂಟಿ ಸೈಟು, ಬಾಡಿಗೆ ಮನೆ ತೋರಿಸುವ ದಲ್ಲಾಳಿಗೆ ರೇರಾ ನೋಂದಣಿ ಬೇಕಿಲ್ಲ. ನಮ್ಮ ಓಣಿಗಳಲ್ಲಿ ನಡೆಯುವುದು ಹೆಚ್ಚಾಗಿ ಈ ವ್ಯವಹಾರವೇ. ಇಲ್ಲಿ ಹೆಚ್ಚಾಗಿ ಉಳಿಯುವುದು ಅವನ ನಿಯತ್ತು ಮಾತ್ರ.

ನಮ್ಮ ಮನೆಯವರೂ ಈಗ ಸೈಟು ಹುಡುಕುತ್ತಿದ್ದಾರೆ. ಅಬ್ಬಾ ವೆಲ್ಡಿಂಗ್ ಅಂಗಡಿಯಲ್ಲಿ ದುಡಿದು ಉಳಿಸಿದ್ದು, ಅಮ್ಮಿ ಚೀಟಿ ಕಟ್ಟಿದ್ದು, ಎಲ್ಲ ಸೇರಿಸಿದ ದುಡ್ಡು. ಒಬ್ಬ ದಲ್ಲಾಳಿಗೆ "ಭೂಪರಿವರ್ತನೆ ಆಗಿದೆಯಾ?" ಎಂದು ಕೇಳಿದರೆ, "ಆಗುತ್ತೆ ಬಿಡಿ ಭಾಯ್, ಮೊದಲು ಟೋಕನ್ ಕೊಡಿ, ಇನ್ನೊಂದು ಪಾರ್ಟಿ ಕಾಯ್ತಾ ಇದೆ" ಎಂದ. ಇನ್ನೊಬ್ಬರು ವಯಸ್ಸಾದವರು. ಒಳ್ಳೆಯ ಸೈಟು ತೋರಿಸಿ, ನಾವು ಕೇಳದಿದ್ದರೂ ಅವರೇ ಹೇಳಿದರು: "ಮಾಲೀಕರಿಗೆ ಇಬ್ಬರು ತಂಗಿಯರಿದ್ದಾರೆ. ಇದು ಅವರ ತಂದೆಯ ಆಸ್ತಿ. ಅವರ ಸಹಿ ಇಲ್ಲದೆ ತಗೋಬೇಡಿ." ಆ ವ್ಯವಹಾರ ನಿಂತಿತು. ಅವರ ಕಮಿಷನ್ ಹೋಯಿತು. ಆದರೆ ಅಬ್ಬಾ ಈಗ ಸೈಟು ನೋಡುವುದಿದ್ದರೆ ಅವರಿಗೇ ಫೋನ್ ಮಾಡುತ್ತಾರೆ, ಪರಿಚಯದ ಇಬ್ಬರನ್ನೂ ಅವರ ಹತ್ತಿರ ಕಳಿಸಿದ್ದಾರೆ. ನಮ್ಮ ಲೆಕ್ಕಶಾಸ್ತ್ರದಲ್ಲಿ ಇದನ್ನು 'ಗುಡ್‌ವಿಲ್' ಎನ್ನುತ್ತೇವೆ. ಕಣ್ಣಿಗೆ ಕಾಣದಿದ್ದರೂ ಅದು ಆಸ್ತಿಯೇ.

ಗೆಳೆಯರೇ, ನಿಮ್ಮ ಮನೆಯವರು ಟೋಕನ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿಸಿ:

1. ನೀವು ಯಾರ ಪರ? ಕಮಿಷನ್ ಯಾರಿಂದ, ಎಷ್ಟು?

2. ಮಾಲೀಕರನ್ನು ನೇರವಾಗಿ ಭೇಟಿ ಮಾಡಿಸುತ್ತೀರಾ?

3. ಇಸಿ, ಖಾತೆ, ಭೂಪರಿವರ್ತನೆ ಆದೇಶ, ಹೊಸ ಲೇಔಟ್ ಆಗಿದ್ದರೆ ರೇರಾ ನಂಬರ್ ತೋರಿಸುತ್ತೀರಾ?

ನಾಳೆ ನಮ್ಮಲ್ಲೇ ಕೆಲವರು ಬಿ.ಕಾಂ. ಓದುತ್ತಲೇ ಬೈಕಿನಲ್ಲಿ ಸೈಟು ತೋರಿಸುವ ಕೆಲಸಕ್ಕೆ ಇಳಿಯಬಹುದು. ಅದು ನಾಚಿಕೆಯ ಕೆಲಸವಲ್ಲ. ಆಗ ಈ ಮೂರು ಪ್ರಶ್ನೆಗಳನ್ನು ಅವರು ಕೇಳುವವರೆಗೆ ಕಾಯಬೇಡಿ, ಮೊದಲೇ ಉತ್ತರ ಹೇಳಿಬಿಡಿ.