ಭಾನುವಾರದ ಗಂಟು

ಹನುಮಾನ್ ಘಾಟ್,
ವಾರಾಣಸಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಳೆ ನಿಂತಿದೆ, ಗಂಗೆ ಇಳಿದಿದ್ದಾಳೆ, ಘಾಟಿನ ಮೆಟ್ಟಿಲಿಗೆ ಮೆತ್ತಿದ ಕೆಸರನ್ನು ಪಂಪು ಹಚ್ಚಿ ತೊಳೆಯುತ್ತಿದ್ದಾರೆ. ನಿನ್ನ ಭಾನುವಾರದ ಗಂಟು ಬಂತು. ವಾರವಿಡೀ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದ ಪುಸ್ತಕ, ಚಿತ್ರ, ಹಾಡು, ಸಿನಿಮಾದ ತುಣುಕುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಆರಿಸಿ ಮನೆಯವರಿಗೆಲ್ಲ ಕಳಿಸುತ್ತೀಯಲ್ಲ, ಅದನ್ನು ನಾನು ಒಂದೊಂದಾಗಿ ಬಿಚ್ಚಿ ನೋಡುತ್ತೇನೆ. ನಿಮ್ಮಮ್ಮ ಮೊನ್ನೆ ಫೋನ್ ಮಾಡಿದಾಗ, "ಅಕ್ಕಾ, ಇವಳು ಮೂರು ಹೊತ್ತೂ ಮೊಬೈಲು ಹಿಡಕೊಂಡೇ ಇರ್ತಾಳೆ, ನೀನಾದ್ರೂ ಸ್ವಲ್ಪ ಬುದ್ಧಿ ಹೇಳು" ಅಂದಳು. ಬರೆಯಲು ಕೂತದ್ದೇನೋ ಅವಳ ಮಾತಿಗೇ. ಆದರೆ ನಾನು ಹೇಳುವುದು ಬೇರೆ. ಈ ಕೆಲಸ ಬಿಡಬೇಡ. ಇನ್ನೂ ಚೆನ್ನಾಗಿ ಮಾಡು.

ಈ ಸಲದ ಗಂಟಿನಲ್ಲಿ 'ಸನಾದಿ ಅಪ್ಪಣ್ಣ' ಚಿತ್ರದ ಒಂದು ತುಣುಕು ಇತ್ತು. ಕೆಳಗೆ ನೀನು ಬರೆದದ್ದು ಎರಡೇ ಪದ: "ಸೂಪರ್, ಕೇಳಿ". ಕೇಳಿದೆ ಮಗಳೇ. ಆಮೇಲೆ ಮತ್ತೆ ಕೇಳಿದೆ. 1977ರ ಆ ಚಿತ್ರದಲ್ಲಿ ವಾದ್ಯ ರಾಜ್‌ಕುಮಾರ್ ಕೈಯಲ್ಲಿದೆ, ಅದರೊಳಗಿನ ಉಸಿರು ಬಿಸ್ಮಿಲ್ಲಾ ಖಾನರದು. ನಾನಿರುವ ಈ ಮನೆಯಿಂದ ಅರ್ಧ ಗಂಟೆ ನಡೆದರೆ ಅವರಿದ್ದ ಬೇನಿಯಾಬಾಗಿನ ಕಡೆಯ ಗಲ್ಲಿ ಸಿಗುತ್ತದೆ. ಹುಟ್ಟಿದ್ದು ಬಿಹಾರದ ಡುಮರಾಂವ್‌ನಲ್ಲಿ, 1916ರಲ್ಲಿ. ಬೆಳೆದದ್ದು, ರಿಯಾಜ್ ಮಾಡಿದ್ದು, 2006ರಲ್ಲಿ ಕಣ್ಣು ಮುಚ್ಚಿದ್ದು ಎಲ್ಲ ಈ ಊರಿನಲ್ಲಿ. ಗಂಗೆಯ ದಡದ ಬಾಲಾಜಿ ದೇವಸ್ಥಾನದಲ್ಲಿ ನುಡಿಸುತ್ತಿದ್ದ ಶಹನಾಯಿ, ಜಿ.ಕೆ. ವೆಂಕಟೇಶ್ ಅವರ ಸಂಗೀತದೊಳಗೆ ಬಂದು ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿಯಲ್ಲಿ ಸೃಷ್ಟಿಸಿದ ಒಬ್ಬ ಕನ್ನಡದ ಕಲಾವಿದನ ಪ್ರಾಣವಾಯಿತು. ಇಷ್ಟನ್ನು ನಾಲ್ಕು ಸಾಲಿನಲ್ಲಿ ನೀನು ಬರೆದಿದ್ದರೆ ನಿನ್ನ ತಮ್ಮ ಆ ತುಣುಕನ್ನು ಬೆರಳಿನಿಂದ ಮೇಲಕ್ಕೆ ತಳ್ಳದೆ ಪೂರ್ತಿ ಕೇಳುತ್ತಿದ್ದ.

ಅದೇ ಗಂಟಿನಲ್ಲಿ ಒಂದು ಚಿತ್ರವೂ ಇತ್ತು: ಕಪ್ಪು ಮೋಡ, ಹಾರುವ ಬೆಳ್ಳಕ್ಕಿ, ಒಂದೇ ಕಂಬಳಿಯಡಿ ನಿಂತ ರಾಧಾಕೃಷ್ಣರು. ಎಷ್ಟು ಮುದ್ದಾಗಿದೆ! ಆದರೆ ಬರೆದವರು ಯಾರು, ಯಾವ ಕಡೆಯ ಶೈಲಿ, ಯಾವ ಕಾಲದ್ದು, ಮೂಲ ಈಗ ಯಾವ ಸಂಗ್ರಹಾಲಯದಲ್ಲಿದೆ? ಒಂದೂ ಇಲ್ಲ. ಯಾರೋ ಹಾಕಿದ್ದನ್ನು ಇನ್ಯಾರೋ ಕತ್ತರಿಸಿ, ಬಣ್ಣ ಏರಿಸಿ, ಅಂಚಿನಲ್ಲಿದ್ದ ಬರಹವನ್ನು ಹಾರಿಸಿ ದಾಟಿಸಿದ್ದಾರೆ. ಅದು ನಿನ್ನ ಹತ್ತಿರ ಬರುವ ಹೊತ್ತಿಗೆ ತಂದೆತಾಯಿ ಇಲ್ಲದ ಮಗುವಾಗಿದೆ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ತಿಂಗಳುಗಟ್ಟಲೆ ಕಣ್ಣು ಸವೆಸಿ ಆ ಬೆಳ್ಳಕ್ಕಿಯ ರೆಕ್ಕೆ ತಿದ್ದಿದವನಿಗೆ ನಾವು ಸಲ್ಲಿಸಬೇಕಾದ ಬಾಕಿ ಅವನ ಹೆಸರು.

ಒಂದು ಹೆಸರು ಜೊತೆಗಿದ್ದರೆ ಏನಾಗುತ್ತದೆ ಕೇಳು. ಈ ಊರಿನಲ್ಲಿ ಒಬ್ಬ ಸಂನ್ಯಾಸಿ ಇದ್ದರು, ಹದಿನೇಳನೆಯ ಶತಮಾನದಲ್ಲಿ. ಕವೀಂದ್ರಾಚಾರ್ಯ ಸರಸ್ವತಿ. ಗೋದಾವರಿ ತೀರದಿಂದ ಬಂದು ಕಾಶಿಯಲ್ಲಿ ನೆಲೆಸಿದವರು. ಯಾತ್ರಿಕರ ಮೇಲಿನ ತೆರಿಗೆ ತೆಗೆಸಲು ಷಹಜಹಾನನ ಆಸ್ಥಾನಕ್ಕೇ ಹೋಗಿ ವಾದಿಸಿ ಗೆದ್ದರೆಂದು ಕಾಶಿಯ ಪಂಡಿತರೆಲ್ಲ ಸೇರಿ ಅವರ ಮೇಲೆ ಪದ್ಯಗಳನ್ನು ಕಟ್ಟಿ ಒಪ್ಪಿಸಿದರು. ಅವರಿಗೆ ಪುಸ್ತಕದ ಹುಚ್ಚು. ಫ್ರೆಂಚ್ ಪ್ರವಾಸಿ ಬರ್ನಿಯೆ ಕಾಶಿಗೆ ಬಂದಾಗ ಪಂಡಿತರ ಮುಖ್ಯಸ್ಥರು ಅವನನ್ನು ಗ್ರಂಥಭಂಡಾರದಲ್ಲಿ ಬರಮಾಡಿಕೊಂಡರೆಂದು ಬರೆದಿದ್ದಾನೆ. ಅದು ಇವರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕವೀಂದ್ರರು ಕೂಡಿಸಿದ ಹಸ್ತಪ್ರತಿಗಳ ಪಟ್ಟಿಯೊಂದು ಉಳಿದುಬಂದಿದೆ. ವೇದದಿಂದ ವೈದ್ಯದವರೆಗೆ ವಿಷಯವಾರು ಜೋಡಿಸಿದ ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳು. 1921ರಲ್ಲಿ ಬರೋಡಾದ ಗಾಯಕ್ವಾಡ್ ಓರಿಯಂಟಲ್ ಗ್ರಂಥಮಾಲೆಯಲ್ಲಿ 'ಕವೀಂದ್ರಾಚಾರ್ಯ ಸೂಚೀಪತ್ರ' ಎಂದು ಅದು ಅಚ್ಚಾಯಿತು. ಭಂಡಾರ ಮಾತ್ರ ಚೆಲ್ಲಾಪಿಲ್ಲಿ. ಅದರ ಎಷ್ಟೋ ಪ್ರತಿಗಳು ಬಿಕಾನೇರಿನ ಅನೂಪ್ ಸಂಸ್ಕೃತ ಗ್ರಂಥಾಲಯ ಸೇರಿದವು, ಉಳಿದವು ಎಲ್ಲೆಲ್ಲಿಗೋ ಹೋದವು.

ಆದರೂ ಇವು ಅವರವೇ ಎಂದು ಹೇಗೆ ತಿಳಿಯಿತು ಗೊತ್ತೇ? ಪ್ರತಿಯ ಮೇಲೆ ಇದು ಸರ್ವವಿದ್ಯಾನಿಧಾನ ಕವೀಂದ್ರಾಚಾರ್ಯ ಸರಸ್ವತಿಯವರ ಪುಸ್ತಕವೆಂದು ಒಂದು ಸಾಲು ಬರೆದಿರುತ್ತಿತ್ತು. ಆ ಒಂದು ಸಾಲು ಹಿಡಿದು ಮುನ್ನೂರು ವರ್ಷಗಳ ನಂತರ ಚದುರಿದ ಭಂಡಾರವನ್ನು ಮನಸ್ಸಿನಲ್ಲಾದರೂ ಮತ್ತೆ ಕೂಡಿಸಲು ಸಾಧ್ಯವಾಯಿತು. ನಿನ್ನಿಂದ ನನಗೆ ಬೇಕಾದದ್ದು ಅಂಥ ಒಂದು ಸಾಲು ಪುಟ್ಟಿ. ಯಾರದು, ಎಲ್ಲಿ ಸಿಕ್ಕಿತು, ನನ್ನನ್ನು ಯಾಕೆ ನಿಲ್ಲಿಸಿತು. ಕಡೆಯ ಪ್ರಶ್ನೆಗೆ ಉತ್ತರ ಬರೆಯುವುದು ಎಲ್ಲಕ್ಕಿಂತ ಕಷ್ಟ, ನಿನ್ನ ಗಂಟು ನಿನ್ನದಾಗುವುದು ಅದರಿಂದಲೇ.

ನಮ್ಮ ಕನ್ನಡದಲ್ಲೂ ಆರಿಸಿ ಕೂಡಿಸಿದವರಿದ್ದಾರೆ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ, ವ್ಯಾಕರಣ ಬರೆದ ಕೇಶಿರಾಜನ ತಂದೆ, ಹಿಂದಿನ ಕವಿಗಳ ಪದ್ಯಗಳನ್ನು ಸಮುದ್ರ, ಪರ್ವತ, ಪಟ್ಟಣ, ಋತು ಎಂದು ವರ್ಣನೆಗಳ ಪ್ರಕಾರ ಜೋಡಿಸಿ 'ಸೂಕ್ತಿಸುಧಾರ್ಣವ' ಮಾಡಿದ. ಅದರಲ್ಲಿರುವ ಕೆಲವು ಪದ್ಯಗಳ ಮೂಲಕಾವ್ಯ ಇವತ್ತು ನಮಗೆ ಸಿಕ್ಕಿಯೇ ಇಲ್ಲ. ಕಾವ್ಯ ಹೋಯಿತು, ಒಬ್ಬ ರಸಿಕನಿಗೆ ಹಿಡಿಸಿದ ಪದ್ಯ ಉಳಿಯಿತು. ನೀನು ಮಾಡುವುದನ್ನು ಹೊತ್ತು ಕಳೆಯುವ ಆಟ ಎಂದು ಯಾರಾದರೂ ಅಂದರೆ ಮಲ್ಲಿಕಾರ್ಜುನನ ಹೆಸರು ಹೇಳು.

ಹೆಸರು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿನ್ನದೇ ಗಂಟಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಹೋದ ತಿಂಗಳು ನಮ್ಮೂರಿನ ಘಾಟುಗಳ ಒಂದು ಹಳೆಯ ಲಿಥೋ ಚಿತ್ರ ಕಳಿಸಿದ್ದೆ, "ವಿಂಟೇಜ್ ಕಾಶಿ" ಎಂದು ಬರೆದು. ಅದು ಜೇಮ್ಸ್ ಪ್ರಿನ್ಸೆಪ್ ಬರೆದದ್ದು. 1820ರಲ್ಲಿ ಇಲ್ಲಿನ ಟಂಕಸಾಲೆಗೆ ಲೋಹ ಪರೀಕ್ಷಕನಾಗಿ ಬಂದ ಹುಡುಗ, ಹತ್ತು ವರ್ಷ ಇದ್ದ. ಊರಿನ ನಕ್ಷೆ ತಯಾರಿಸಿದ, ನೀರು ಹರಿದುಹೋಗಲು ನೆಲದಡಿ ಸುರಂಗ ಮಾಡಿಸಿದ, ಬಿಡುವಿನಲ್ಲಿ ಘಾಟು ಗಲ್ಲಿ ಜಾತ್ರೆ ಎಲ್ಲವನ್ನೂ ಚಿತ್ರಿಸಿದ. ಆ ಹೆಸರು ಹಿಡಿದು ಒಂದು ಹೆಜ್ಜೆ ಮುಂದೆ ಹೋಗು. 1837ರಲ್ಲಿ ಕಲ್ಕತ್ತೆಯಲ್ಲಿ ಬ್ರಾಹ್ಮೀ ಲಿಪಿಯ ಬೀಗ ತೆಗೆದವನು ಇವನೇ. ಕಂಬಗಳ ಮೇಲೆ, ಬಂಡೆಗಳ ಮೇಲೆ ಮಾತಾಡುತ್ತಿದ್ದ 'ದೇವಾನಾಂಪ್ರಿಯ' ಯಾರು ಎಂದು ಆಗ ಹುಡುಕಾಟ. ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ತೀರ್ಮಾನಕ್ಕೆ ಬಂದರು. ಇನ್ನೊಂದು ಹೆಜ್ಜೆ ಇಡು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಶಾಸನ ಕಂಡ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ನೋಡು, ಕಾಶಿಯ ಘಾಟಿನ ಒಂದು ಚಿತ್ರ ಹಿಡಿದು ಹೊರಟವಳು ಮಸ್ಕಿಯ ಬಂಡೆಯ ಮುಂದೆ ನಿಂತೆ. "ವಿಂಟೇಜ್ ಕಾಶಿ" ಎಂದು ಬರೆದು ನಿಲ್ಲಿಸಿದ್ದರೆ ಈ ದಾರಿ ತೆರೆಯುತ್ತಿರಲಿಲ್ಲ.

ನಮ್ಮ ಕಾಲದಲ್ಲಿ ಆರಿಸಿ ಕೊಡುವ ಕೆಲಸ ಸಂಪಾದಕರದಾಗಿತ್ತು. ಹುಬ್ಬಳ್ಳಿಯಿಂದ 1956ರಲ್ಲಿ 'ಕಸ್ತೂರಿ' ಶುರುವಾಯಿತು. ಪಾ.ವೆಂ. ಆಚಾರ್ಯರ ಕೈಯಲ್ಲಿ ಬೆಳೆದ ಆ ಮಾಸಪತ್ರಿಕೆಯಲ್ಲಿ ಕಥೆಯ ಪಕ್ಕದಲ್ಲಿ ವಿಜ್ಞಾನ, ಅದರ ಪಕ್ಕದಲ್ಲಿ ಯಾವುದೋ ದೂರದೇಶದ ಸಂಗತಿ, ಕೊನೆಗೆ ಒಂದು ಇಡೀ ಪುಸ್ತಕದ ಸಂಗ್ರಹ. ನಾವು ಕೇಳದೇ ಇದ್ದದ್ದನ್ನು ಆಚಾರ್ಯರು ನಮ್ಮ ಮುಂದೆ ಇಡುತ್ತಿದ್ದರು. ಈಗ ನಿನ್ನ ಮೊಬೈಲು ಮಾಡುವುದು ಅದರ ತಿರುವುಮುರುವು. ನೀನು ಯಾವುದರ ಮೇಲೆ ಒಂದು ಗಳಿಗೆ ನಿಂತೆಯೋ ಅಂಥದ್ದನ್ನೇ ಮತ್ತೆ ಮತ್ತೆ ತಂದು ಸುರಿಯುತ್ತದೆ. 'ಮಸಾನ್' ಚಿತ್ರದ ಒಂದು ದೃಶ್ಯ ನೋಡಿದೆ ಅನ್ನು, ಮರುದಿನದಿಂದ ಕಾಶಿ ಅಂದರೆ ಉರಿಯುವ ಚಿತೆ, ಸಂಜೆಯ ಆರತಿ, ದೋಣಿ, ಇಷ್ಟೇ. ನೀರಜ್ ಘಾಯ್ವಾನ್ 2015ರಲ್ಲಿ ಮಾಡಿದ ಆ ಚಿತ್ರ ನನಗೂ ತುಂಬ ಇಷ್ಟ, ಈ ಊರಿನ ಹುಡುಗ ಹುಡುಗಿಯರ ಸಂಕಟವನ್ನು ಗೌರವದಿಂದ ಕಂಡಿದೆ. ಆದರೆ ಅದನ್ನು ಇಷ್ಟಪಟ್ಟವಳಿಗೆ ಸತ್ಯಜಿತ್ ರಾಯರ 'ಅಪರಾಜಿತೋ' ಸಿಗಬೇಕು. 1956ರದು. ಅದೇ ಘಾಟು, ಅದೇ ಮೆಟ್ಟಿಲು, ಅಲ್ಲೂ ಸಾವು. ಹರಿಹರ ಪ್ರಾಣ ಬಿಡುವ ಹೊತ್ತಿಗೆ ಪಾರಿವಾಳಗಳು ಒಮ್ಮೆಲೇ ಏಳುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನಿನಗೆ ಅನ್ನಿಸಿದ್ದನ್ನು ಬರೆ. ಎರಡರ ನಡುವೆ ಸುಮಾರು ಅರವತ್ತು ವರ್ಷ. ಅವನ್ನು ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬೇಡ, ನೀನು ಮಾಡು.

ಬಿಡುವುದನ್ನೂ ಕಲಿಯಬೇಕು ಕಣೇ. ನಿನ್ನ ಗಂಟು ಈಚೆಗೆ ಬಹಳ ದೊಡ್ಡದಾಗಿದೆ. ಇಪ್ಪತ್ತು ಕಳಿಸಿದರೆ ನಿಮ್ಮ ಚಿಕ್ಕಪ್ಪ ಒಂದನ್ನೂ ತೆರೆಯುವುದಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತ ಕಲಾ ಭವನ ಇದೆಯಲ್ಲ, ಅದನ್ನು ಕಟ್ಟಿದವರು ರಾಯ್ ಕೃಷ್ಣದಾಸ್. ಹಿಂದಿ ಲೇಖಕರು, ಜಯಶಂಕರ ಪ್ರಸಾದ್, ಮೈಥಿಲೀಶರಣ ಗುಪ್ತರ ಸ್ನೇಹಿತರು. ಪಹಾಡಿ, ಮೊಘಲ್, ರಾಜಸ್ಥಾನಿ ಚಿತ್ರಗಳು ವಿದೇಶಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವನ್ನು ಹುಡುಕಿ ಹುಡುಕಿ ಕೂಡಿಸಿ 1920ರಲ್ಲಿ ಒಂದು ಕಲಾ ಪರಿಷತ್ತು ಶುರುಮಾಡಿದರು, ರವೀಂದ್ರನಾಥ ಠಾಕೂರರು ಅದರ ಅಧ್ಯಕ್ಷರು. ಕೆಲಕಾಲ ಅದು ನಾಗರೀ ಪ್ರಚಾರಿಣೀ ಸಭೆಯ ಆಶ್ರಯದಲ್ಲಿತ್ತು, 1950ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂತು. ಅಂದ ಹಾಗೆ, ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಿಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಕೃಷ್ಣದಾಸರ ಸಂಗ್ರಹದ ಬೆಲೆ ಇರುವುದು ಅವರ ಕಣ್ಣಿನಲ್ಲಿ. ಯಾವುದು ಸಾಧಾರಣ, ಯಾವುದು ಅಪರೂಪ ಎಂದು ತೂಗಿ, ಸಾಧಾರಣವನ್ನು ಬಿಟ್ಟ ಕಣ್ಣು ಅದು.

ಅದೇ ಭವನದಲ್ಲಿ ಆಲಿಸ್ ಬೋನರ್ ಅವರ ಹೆಸರಿನ ಒಂದು ಗ್ಯಾಲರಿ ಇದೆ. ಸ್ವಿಟ್ಜರ್ಲೆಂಡಿನ ಶಿಲ್ಪಿ, ಉದಯಶಂಕರರ ನೃತ್ಯಕ್ಕೆ ಮಾರುಹೋಗಿ ಅವರ ಜೊತೆ ಭಾರತಕ್ಕೆ ಬಂದವರು. 1936ರಿಂದ 1978ರವರೆಗೆ ಅಸ್ಸಿ ಘಾಟಿನ ಮನೆಯಲ್ಲಿ ಇದ್ದರು. ಗುಹಾದೇವಾಲಯಗಳ ಶಿಲ್ಪದ ಮುಂದೆ ಕೂತು, ಈ ಕೈ ಇಲ್ಲೇ ಯಾಕೆ ಮಡಿಸಿದೆ, ಈ ಕಾಲು ಅಷ್ಟೇ ಯಾಕೆ ಎತ್ತಿದೆ ಎಂದು ನೋಡುತ್ತ, ವೃತ್ತ ಮತ್ತು ಗೆರೆಗಳನ್ನು ಎಳೆದು ಅದರೊಳಗಿನ ಲೆಕ್ಕ ಹುಡುಕಿದರು. ಅದರ ಪುಸ್ತಕ ಬಂದದ್ದು 1962ರಲ್ಲಿ. ನಿನ್ನ ವಯಸ್ಸಿನವರಿಗೆ ಒಂದು ಚಿತ್ರದ ಮೇಲೆ ಮೂರು ಸೆಕೆಂಡು ನಿಲ್ಲುವುದೂ ಕಷ್ಟವಾಗಿದೆ ಎಂದು ನಿನ್ನ ಬಾಯಿಂದಲೇ ಕೇಳಿದ್ದೇನೆ. ವಾರಕ್ಕೆ ಒಂದೇ ಒಂದು ಚಿತ್ರವನ್ನು ಹಾಗೆ ನೋಡು. ಮೊಬೈಲು ಅಡ್ಡ ಹಿಡಿದು, ದೊಡ್ಡದು ಮಾಡಿ, ಮೂಲೆಯಲ್ಲಿರುವ ನಾಯಿಮರಿಯನ್ನೂ ಬಿಡದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ಮೂರೂಮುಕ್ಕಾಲು ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಬಳಸಲೆಂದು ತೆರೆದಿಟ್ಟಿತು. ಅಲ್ಲಿಂದ ತೆಗೆದುಕೊಂಡರೆ ಕಲಾವಿದ, ಕಾಲ, ಅಳತೆ ಎಲ್ಲ ಜೊತೆಗೇ ಸಿಗುತ್ತವೆ. ಕನ್ನಡದ ಹಳೆಯ ಪುಸ್ತಕಗಳೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಗಟ್ಟಲೆ ಇವೆ. ನಮ್ಮ ಹುಡುಗರೇ ಕೂತು ಸ್ಕ್ಯಾನ್ ಮಾಡಿ ಏರಿಸಿದವೂ ಅದರಲ್ಲಿವೆ, ಅವರಿಗೆ ಪುಣ್ಯ ಬರಲಿ. ವಚನ ಬೇಕಾದರೆ 'ವಚನ ಸಂಚಯ' ಇದೆ, ಒಂದು ಪದ ಕೊಟ್ಟರೆ ಅದಿರುವ ವಚನಗಳನ್ನು ತೋರಿಸುತ್ತದೆ.

ಕೊಂಡಿ ಮಾತ್ರ ಕಳಿಸಿ ಸುಮ್ಮನಾಗಬೇಡ. ಕೊಂಡಿಗಳು ಸಾಯುತ್ತವೆ. ಜಿಯೊಸಿಟೀಸ್‌ನಲ್ಲಿ ಲಕ್ಷಾಂತರ ಜನ ಆಸೆಯಿಂದ ಕಟ್ಟಿದ ಪುಟಗಳು 2009ರಲ್ಲಿ ಅದು ಮುಚ್ಚಿದಾಗ ಕಾಣದಾದವು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದಾಗ ನಮ್ಮ ಹಳ್ಳಿಹಳ್ಳಿಯ ಹುಡುಗ ಹುಡುಗಿಯರು ಹೊಲದ ಬದುವಿನಲ್ಲಿ ಕುಣಿದದ್ದು, ಜಾನಪದ ಹಾಡಿದ್ದು ರಾತ್ರಿ ಬೆಳಗಾಗುವುದರೊಳಗೆ ಕೈಗೆ ಸಿಗದಂತಾಯಿತು. ಅದರ ಸರಿತಪ್ಪು ಏನೇ ಇರಲಿ, ಆ ಮಕ್ಕಳು ಯಾರ್ಯಾರು, ಏನು ಹಾಡಿದರು ಎಂದು ಬರೆದಿಟ್ಟವರು ಕಡಿಮೆ. ಅದಕ್ಕೇ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ ತಂದುಕೋ. ವಾರದ ತಾರೀಖು ಹಾಕಿ ಪೆನ್ನಿನಲ್ಲಿ ಬರೆ, ಆಮೇಲೆ ಬೇಕಾದರೆ ಕಂಪ್ಯೂಟರಿಗೆ ಏರಿಸು.

ಇನ್ನೊಂದು. ಗಂಟಿಗೆ ಹಾಕುವುದೆಲ್ಲ ಮೊಬೈಲಿನಿಂದಲೇ ಬರಬೇಕಾಗಿಲ್ಲ. ನೀನು ಮೈಸೂರಿನಲ್ಲಿದ್ದೀ. 1905ರಲ್ಲಿ ಶಾಮಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದಾಗ ಅಲ್ಲಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದು ಕೊಟ್ಟಿದ್ದ ಕಟ್ಟು ಅದು. ಆ ಕಟ್ಟಡದ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತೀಯ. ಒಂದು ದಿನ ಇಳಿದು ಒಳಗೆ ಹೋಗಿ, ನೋಡಿದ್ದನ್ನು ಬರೆದು ಕಳಿಸು. ಮುಂದಿನ ಭಾನುವಾರ ಮೂರೇ ಇರಲಿ, ಅದರಲ್ಲಿ ಒಂದು ಅಲ್ಲಿನದು.

ಡಿಸೆಂಬರ್ ರಜೆಗೆ ಬರುತ್ತೀ ಎಂದು ನಿಮ್ಮಮ್ಮ ಹೇಳಿದಳು. ಆಗ ಇಲ್ಲಿ ಬೆಳಿಗ್ಗೆ ಮಂಜು ಮುಸುಕಿರುತ್ತದೆ, ದಪ್ಪ ಸ್ವೆಟರ್ ತಾ. ಮೊದಲ ದಿನ ಭಾರತ ಕಲಾ ಭವನ, ಎರಡನೆಯ ದಿನ ಜಂಗಮವಾಡಿ ಮಠ, ಅಲ್ಲಿ ಕನ್ನಡ ಮಾತು ಕೇಳಿಸುತ್ತದೆ. ಮೂರನೆಯ ದಿನ ಸಂಸ್ಕೃತ ಗ್ರಂಥ ಅಚ್ಚುಹಾಕುವ ಚೌಖಂಬಾದವರ ಅಂಗಡಿ. ನಿನ್ನ ರಾಧಾಕೃಷ್ಣರ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಾ. ಕಲಾ ಭವನದಲ್ಲಿ ಚಿತ್ರ ಬಲ್ಲವರು ಯಾರಾದರೂ ಸಿಕ್ಕರೆ ಅವರ ಮುಂದಿಟ್ಟು ಕೇಳೋಣ. ಟಿಕೆಟ್ ಆದ ಕೂಡಲೇ ರೈಲಿನ ಹೆಸರು, ಬರುವ ಹೊತ್ತು ತಿಳಿಸು, ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ